ಅಡಿಗೆಮನೆಯಲ್ಲಿ ಸಮಾಧಾನವನ್ನು ಕಂಡ ಸಹೋದರ ಲಾರೆನ್ಸನ ಚರಿತ್ರೆ



ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ಬೆಳಗಿನ ಜಾವ ನಿಂತು ನೋಡಿದವರಿಗೆ ಅಲ್ಲಿಯ ಗಡಿಬಿಡಿಯು ಹೊಸದಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂಬ ಸಣ್ಣ ನಿಲ್ದಾಣಗಳನ್ನು ದಾಟಿ ಬರುವ ಗಾಡಿಯು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನರಿಂದ ಕಿಕ್ಕಿರಿದಿರುವದು. ಅವರಿಗೆ ಬುತ್ತಿ ಕಟ್ಟಿಕೊಡುವದಕ್ಕಾಗಿ ಹೆಂಗಸರು ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಿರುತ್ತಾರೆ. 1894ನೆಯ ವರುಷದಲ್ಲಿ ಈ ಕವಲುಹಳಿಯನ್ನು ಹಾಕಿದಾಗ ಗಾಡಿಗಳು ಜನರನ್ನು ಚಿನ್ನದ ಗಣಿಗೆ ತಂದವು. 2001ನೆಯ ಫೆಬ್ರವರಿ 28ರಲ್ಲಿ ಗಣಿಯು ಮುಚ್ಚಿಹೋದ ಮೇಲೆ ಅದೇ ಹಳಿಯ ಮೇಲೆ ಗಾಡಿಗಳು ಜನರನ್ನು ಹೊರಗೆ ಸಾಗಿಸುತ್ತವೆ. ಗಣಿಯು ನಡೆಯುತ್ತಿದ್ದ ಕಾಲದಲ್ಲಿ ಈ ಜನರ ತಂದೆತಾತಂದಿರು ಕೇಜಿನಲ್ಲಿ ನಿಂತು, ಮೂರು ಕಿಲೋಮೀಟರಿಗಿಂತಲೂ ಆಳವಾದ ಚಾಂಪಿಯನ್ ರೀಫಿನ ಕಾವಿನೊಳಗೆ ಇಳಿಯುತ್ತಿದ್ದರು. ಕೆಳಗೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ಅದುರುತ್ತಿದ್ದವು. ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಇಂಥ ಜನರಿಗೆ, ಮನಸ್ಸನ್ನು ಶಾಂತಪಡಿಸಿಕೊಂಡು ದೇವರ ಮುಂದೆ ಮೌನವಾಗಿ ಕುಳಿತುಕೊಳ್ಳಿರೆಂದು ಬೋಧಿಸಿದರೆ, ಅಂಥ ಗಳಿಗೆಯೂ ಅಂಥ ಕೋಣೆಯೂ ತಮಗೆ ಇಲ್ಲವೆಂದು ಅವರು ಉತ್ತರ ಕೊಡುತ್ತಾರೆ. ಅದು ಸೋಮಾರಿಗಳ ಉತ್ತರವಲ್ಲ, ನಿಜವಾದ ಉತ್ತರವೇ. ಈಗ ದೊಡ್ಡ ಪಟ್ಟಣಗಳಲ್ಲಿ ಕಛೇರಿಯವರಿಗೂ ರೋಗಿಗಳಿಗೂ ಸಾವಧಾನವೆಂಬದನ್ನು ಕಲಿಸುವವರಿದ್ದಾರೆ. ಉಸಿರಾಟದ ಮೇಲೆ ಗಮನವಿಡುವದು, ಮನಸ್ಸು ಅಲೆದರೆ ಬೈಯದೆ ತಿರಿಗಿ ಕರತರುವದು, ಇಷ್ಟೇ ಅದರ ಸಾರ. ಬುದ್ಧನ ಅನುಯಾಯಿಗಳಲ್ಲಿ ಇದು ಬಹು ಪುರಾತನವಾದ ಅಭ್ಯಾಸವು. ನಾನು ಇಲ್ಲಿ ಬರೆಯುವದು ಅದನ್ನು ಕುರಿತಲ್ಲ. ಕುಂಟನಾಗಿಯೂ ಒಡ್ಡನಾಗಿಯೂ ಇದ್ದ ಒಬ್ಬ ಅಡಿಗೆಯವನು, ಪಾತ್ರೆಗಳ ಸದ್ದಿನ ನಡುವೆ ತನ್ನ ಮನಸ್ಸನ್ನು ದೇವರ ಕಡೆಗೆ ತಿರುಗಿಸುವದನ್ನು ಹೇಗೆ ಕಲಿತನೆಂಬದೇ ನನ್ನ ವಿಷಯವು.

ಅವನ ಹೆಸರು ನಿಕೊಲಾ ಹೆರ್ಮಾನ್. ಅವನು 1614ನೆಯ ವರುಷದ ಸುಮಾರಿಗೆ, ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ಲೊರೇನ್ ಎಂಬ ಸೀಮೆಯಲ್ಲಿ, ಲ್ಯೂನೆವಿಲ್ ಪಟ್ಟಣದ ಹತ್ತಿರವಿರುವ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆತಾಯಿಗಳು ದೇವಭಯವುಳ್ಳ ಬಡವರು. ಮಗನಿಗೆ ಹೆಚ್ಚಿನ ವಿದ್ಯೆಯನ್ನು ಕಲಿಸುವದಕ್ಕೆ ಅವರಲ್ಲಿ ಶಕ್ತಿ ಇರಲಿಲ್ಲ.

ಹದಿನೆಂಟು ವರುಷದವನಾಗಿದ್ದಾಗ ಚಳಿಗಾಲದಲ್ಲಿ ಒಂದು ದಿವಸ ಅವನು ಒಂದು ಮರವನ್ನು ಕಂಡನು. ನಮ್ಮ ಸೀಮೆಯಲ್ಲಿ ಬೂರುಗದ ಮರವು ಎಲೆಯುದುರಿಸಿ ಬೋಳಾಗಿ ನಿಲ್ಲುವದನ್ನು ನೋಡಿದ್ದೇವೆ. ಆ ಶೀತದೇಶದಲ್ಲಾದರೋ ಹೆಚ್ಚಿನ ಮರಗಳೆಲ್ಲವೂ ಹಾಗೆಯೇ ಸತ್ತಂತೆ ನಿಲ್ಲುತ್ತವೆ. ಆ ಹುಡುಗನು ಅದನ್ನು ನೋಡುತ್ತಾ, ಇನ್ನು ಸ್ವಲ್ಪ ಕಾಲದಲ್ಲಿ ಇದರಲ್ಲಿ ಎಲೆಯೂ ಹೂವೂ ಹಣ್ಣೂ ಬರುವವಲ್ಲಾ ಎಂದು ಯೋಚಿಸಿದನು. ಆ ಕ್ಷಣದಲ್ಲಿ ದೇವರ ಶಕ್ತಿಯೂ ಪರಾಮರಿಕೆಯೂ ಅವನ ಮನಸ್ಸಿಗೆ ಎಷ್ಟು ಸ್ಪಷ್ಟವಾಗಿ ತೋರಿತೆಂದರೆ, ಮುಪ್ಪಿನ ವರೆಗೂ ಅವನು ಅದನ್ನು ಮರೆಯಲಿಲ್ಲ. ಯಾವ ಪ್ರಸಂಗವನ್ನೂ ಕೇಳಿ ಅಲ್ಲ, ಯಾವ ಗ್ರಂಥವನ್ನೂ ಓದಿ ಅಲ್ಲ, ಒಂದು ಬೋಳುಮರವನ್ನು ಗಮನವಿಟ್ಟು ನೋಡಿದ್ದರಿಂದಲೇ ಅವನ ಹೊಸ ಜೀವಿತವು ಆರಂಭವಾಯಿತು.

ಆದರೆ ಆರಂಭವಾದ ಮಾತ್ರಕ್ಕೆ ಅವನು ಸಾಧುವಾಗಲಿಲ್ಲ. ಅದು 1618ರಿಂದ 1648ರ ವರೆಗೆ ಯೂರೋಪ್ ಖಂಡವನ್ನು ಹಾಳುಮಾಡಿದ ಮೂವತ್ತು ವರುಷಗಳ ಯುದ್ಧದ ಕಾಲ. ನಿಕೊಲಾನು ಲೊರೇನಿನ ದಂಡಿನಲ್ಲಿ ಸಿಪಾಯಿಯಾದನು. ಒಂದು ಸಾರಿ ಜರ್ಮನಿಯ ದಂಡಾಳುಗಳು ಅವನನ್ನು ಹಿಡಿದು, ಗೂಢಚಾರನೆಂದು ಎಣಿಸಿ, ಗಲ್ಲಿಗೆ ಹಾಕುವೆವೆಂದು ಬೆದರಿಸಿದರು. ಅವನು ತಾನು ಅಂಥವನಲ್ಲವೆಂದೂ ಮನಸ್ಸಾಕ್ಷಿಯು ನಿರ್ಮಲವಾಗಿರುವದರಿಂದ ತನಗೆ ಮರಣದ ಭಯವಿಲ್ಲವೆಂದೂ ಹೇಳಲು, ಅವರು ಅವನನ್ನು ಬಿಟ್ಟುಬಿಟ್ಟರು. ತರುವಾಯ ರಾಂಬೆರ್ವಿಲೆ ಎಂಬ ಊರಿನಲ್ಲಿ ಸ್ವೀಡನ್ ದೇಶದ ದಂಡಿನವರು ಮೇಲೆ ಬಿದ್ದಾಗ ಅವನಿಗೆ ಗಾಯವಾಯಿತು. ಮನೆಗೆ ಹಿಂದಿರುಗಿದಾಗ ಅವನು ಬಡವನೂ ಕುಂಟನೂ ಆಗಿದ್ದನು; ಆ ಕುಂಟು ಜೀವಮಾನವೆಲ್ಲಾ ಉಳಿಯಿತು.

ವಾಸಿಯಾದ ಮೇಲೆ ದೇವರ ಸೇವೆ ಮಾಡಬೇಕೆಂದು ಒಬ್ಬ ಗೃಹಸ್ಥನ ಜೊತೆಯಲ್ಲಿ ಏಕಾಂತವಾಸಕ್ಕೆ ಹೋದನು. ಅಲ್ಲಿ ಗದ್ದಲವೇ ಇರಲಿಲ್ಲ. ಆದರೂ ಅವನ ಮನಸ್ಸು ಒಂದು ಗಳಿಗೆ ಸಂತೋಷದಲ್ಲಿಯೂ ಮತ್ತೊಂದು ಗಳಿಗೆ ದುಃಖದಲ್ಲಿಯೂ ತೂಗಾಡುತ್ತಿತ್ತು. ಸದ್ದಿಲ್ಲದ ಸ್ಥಳವು ತನ್ನಿಂದ ತಾನೇ ಮನಸ್ಸಿಗೆ ಶಾಂತಿಯನ್ನು ಕೊಡುವದಿಲ್ಲವೆಂದು ಅವನು ಅನುಭವದಿಂದ ಅರಿತುಕೊಂಡು ಅಲ್ಲಿಂದ ಹೊರಟನು. ಬಳಿಕ ಪಾರಿಸ್ ಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದ ಫಿಯುಬೆ ಎಂಬ ದೊರೆಯ ಮನೆಯಲ್ಲಿ ಊಳಿಗಕ್ಕೆ ನಿಂತನು. ಅಲ್ಲಿ ಅವನಿಗೆ ಬಂದ ಹೆಸರೇನೆಂದರೆ, ಮುಟ್ಟಿದ್ದನ್ನೆಲ್ಲಾ ಒಡೆಯುವ ಒಡ್ಡ ಆಳು ಎಂಬದೇ.

1640ನೆಯ ವರುಷದಲ್ಲಿ ಅವನು ಪಾರಿಸಿನ ವೊಝಿರಾರ್ ಬೀದಿಯಲ್ಲಿದ್ದ ಕರ್ಮೆಲ್ ಮಠವನ್ನು ಸೇರಿದನು. ವಿದ್ಯೆಯಿಲ್ಲದವನಾದ್ದರಿಂದ ಅವನನ್ನು ಗುರುಗಳ ಪಂಕ್ತಿಯಲ್ಲಿ ಸೇರಿಸದೆ, ಕೈಕೆಲಸ ಮಾಡುವ ಸಹೋದರರಲ್ಲಿ ಸೇರಿಸಿದರು. ಪುನರುತ್ಥಾನದ ಲಾರೆನ್ಸ್ ಎಂಬ ಹೊಸ ಹೆಸರನ್ನೂ ಇಟ್ಟರು. ತನ್ನ ಒಡ್ಡತನಕ್ಕೆ ಇಲ್ಲಿ ತಕ್ಕ ದಂಡನೆಯಾಗುವದೆಂದು ಅವನು ಎದುರುನೋಡಿದ್ದನಂತೆ.

ಈ ಸ್ಥಳದಲ್ಲಿ ಒಂದು ಮಾತು. ನಾವು ಮಠವಾಸವನ್ನು ಅಂಗೀಕರಿಸಿದವರಲ್ಲ. ಲಾರೆನ್ಸನು ರೋಮನ್ ಸಭೆಯ ಸನ್ಯಾಸಿಯಾಗಿದ್ದನು. ಹೀಗಿರಲಾಗಿ ಅವನ ಚರಿತ್ರೆ ನಮಗೇಕೆಂದು ಯಾರಾದರೂ ಕೇಳಬಹುದು. ಜಾನ್ ವೆಸ್ಲಿಯವರು 1749ರಿಂದ 1755ರ ವರೆಗೆ ತಮ್ಮ ಸಭೆಗಳ ಉಪಯೋಗಕ್ಕಾಗಿ 50 ಸಂಪುಟಗಳಲ್ಲಿ ಅಚ್ಚುಹಾಕಿಸಿದ ಕ್ರೈಸ್ತ ಗ್ರಂಥಮಾಲೆಯಲ್ಲಿ ಈ ಅಡಿಗೆಯವನ ಸಂಭಾಷಣೆಗಳಿಂದಲೂ ಪತ್ರಗಳಿಂದಲೂ ಆಯ್ದ ಭಾಗವನ್ನು ಸೇರಿಸಿದ್ದಾರೆ. ಕೋಲಾರ ಸೀಮೆಯ ಮೆಥಡಿಸ್ಟ್ ಸಭೆಗಳು ವೆಸ್ಲಿಯವರನ್ನೇ ತಮ್ಮ ಪಿತೃವೆಂದು ಎಣಿಸುವದರಿಂದ, ಲಾರೆನ್ಸನು ನಮಗೆ ತೀರ ಪರಕೀಯನಲ್ಲ.

ಮಠವನ್ನು ಸೇರಿದ ಕೂಡಲೇ ಸಮಾಧಾನ ದೊರಕಿತೆಂದು ನೆನಸಬೇಡಿರಿ. ಸುಮಾರು ಹತ್ತು ವರುಷ ಅವನ ಹೃದಯವು ಘೋರವಾದ ಕಷ್ಟವನ್ನು ಅನುಭವಿಸಿತು. ತನ್ನ ಹಳೆಯ ಪಾಪಗಳು ಅವನ ಕಣ್ಣೆದುರಿಗೆ ನಿಂತಿದ್ದವು. ದೇವರು ತನಗೆ ತೋರಿಸಿದ ಕೃಪೆಯು ತನ್ನ ಸ್ವಂತ ಕಲ್ಪನೆಯೇ ಆಗಿರಬಹುದೆಂಬ ಸಂಶಯವು ಹುಟ್ಟಿತು. ಮನುಷ್ಯರೂ ಬುದ್ಧಿಯೂ ಕಡೆಗೆ ದೇವರೂ ತನಗೆ ವಿರೋಧವಾಗಿರುವಂತೆಯೂ, ನಂಬಿಕೆ ಒಂದೇ ತನ್ನ ಪಕ್ಷದಲ್ಲಿರುವಂತೆಯೂ ಅವನಿಗೆ ತೋರುತ್ತಿತ್ತು. ಈ ಕಾಲದಲ್ಲಿ ನಾಲ್ಕು ವರುಷ ಅವನು ತಾನು ನಾಶಕ್ಕೆ ಹೋಗುವವನೇ ಎಂದು ನಿಶ್ಚಯವಾಗಿ ನಂಬಿದ್ದನು. ಲೋಕದವರೆಲ್ಲರೂ ಕೂಡಿ ಹೇಳಿದ್ದರೂ ಅವನಿಂದ ಆ ಎಣಿಕೆಯನ್ನು ತೆಗೆದುಹಾಕುವದು ಆಗುತ್ತಿರಲಿಲ್ಲ.

ಲಾರೆನ್ಸನನ್ನು ಕುರಿತು ಬರೆಯುವವರು ಎಷ್ಟೋ ಸಾರಿ ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿ ಅಡಿಗೆಮನೆಗೆ ಹೋಗಿಬಿಡುತ್ತಾರೆ. ಹಾಗೆ ಮಾಡುವದರಿಂದ ಅವನು ಹುಟ್ಟಿನಿಂದಲೇ ಶಾಂತಸ್ವಭಾವದವನಾಗಿದ್ದನೆಂದು ಓದುವವರು ನೆನಸಿ, ತಮ್ಮಂಥ ಕಳವಳದವರಿಗೆ ಇದು ಸಲ್ಲದೆಂದು ಪುಸ್ತಕವನ್ನು ಮುಚ್ಚುತ್ತಾರೆ. ನನಗಾದರೋ ಈ ಹತ್ತು ವರುಷಗಳೇ ಅವನ ಜೀವಿತದ ಅಸ್ತಿವಾರವೆಂದು ತೋರುತ್ತದೆ. ಸ್ವಭಾವದಿಂದ ಶಾಂತನಾದವನು ಕಲಿಸುವದಕ್ಕೆ ಏನಿದೆ?

ಆ ಕಷ್ಟವು ಕೊನೆಗೊಂಡದ್ದು ಹೇಗೆಂದರೆ: ಈ ಸಂಕಟವು ಸಾಯುವ ವರೆಗೂ ಇರುವದಾದರೆ ಇರಲಿ, ತಾನು ರಕ್ಷಣೆ ಹೊಂದಿದರೂ ಹೊಂದದಿದ್ದರೂ, ಬದುಕಿರುವ ತನಕ ಮಾಡುವದನ್ನೆಲ್ಲಾ ದೇವರ ಮೇಲಣ ಪ್ರೀತಿಗೋಸ್ಕರವೇ ಮಾಡುವೆನೆಂದು ಅವನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡನು. ಸಮಾಧಾನವನ್ನು ಬೇಡುವದನ್ನು ಸಹ ಬಿಟ್ಟುಬಿಟ್ಟನು. ಹಾಗೆ ಬಿಟ್ಟ ಮೇಲೆ, ಅವನು ಎದುರುನೋಡದಿರುವಾಗ, ಅವನ ಹೃದಯವು ಒಮ್ಮೆಲೇ ಬದಲಾಯಿತು. ಬಹಳ ದೂರ ಅಲೆದವನು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಕುಳಿತ ಹಾಗಾಯಿತು.

ಇನ್ನು ಅವನ ಕೆಲಸದ ಸಂಗತಿ. ಮಠದ ಹಿರಿಯರು ಅವನನ್ನು ಅಡಿಗೆಮನೆಗೆ ಹಾಕಿದ್ದರು. ಅಡಿಗೆಯ ಕೆಲಸವೆಂದರೆ ಅವನಿಗೆ ಸ್ವಭಾವತಃ ಅಸಹ್ಯವಾಗಿತ್ತು. ಆದಾಗ್ಯೂ ಹದಿನೈದು ವರುಷ ಅವನು ಅಲ್ಲಿಯೇ ಕೆಲಸಮಾಡಿದನು. ದೊಡ್ಡ ಮಠವಾದ್ದರಿಂದ ಉಣ್ಣುವ ಬಾಯಿಗಳು ಬಹಳ. ಒಬ್ಬನು ಇದನ್ನು ಕೊಡು ಅನ್ನುವಾಗಲೇ ಮತ್ತೊಬ್ಬನು ಅದನ್ನು ಕೇಳುವನು. ಒಲೆಯ ಕಾವು, ಪಾತ್ರೆಗಳ ಸದ್ದು, ಊಟದ ಗಂಟೆ. ಮದುವೆಮನೆಯಲ್ಲಿ ಅಡಿಗೆಗೆ ನಿಂತವರಿಗೆ ಈ ಗದ್ದಲವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅವನು ನಡೆದುಕೊಂಡ ರೀತಿಯು ಬಹು ಸುಲಭವಾದದ್ದು. ಕೆಲಸಕ್ಕೆ ಕೈಹಾಕುವ ಮುಂಚೆ, ಇದನ್ನು ನಿನ್ನ ಸಂಗಡ ಮಾಡುವೆನು, ನನಗೆ ಸಹಾಯಮಾಡು ಎಂಬರ್ಥದಲ್ಲಿ ಕೆಲವೇ ಮಾತುಗಳಿಂದ ದೇವರನ್ನು ಬೇಡಿಕೊಳ್ಳುವನು. ಕೆಲಸದ ನಡುವೆ ಆಗಾಗ್ಗೆ ಮನಸ್ಸಿನಲ್ಲಿಯೇ ಆತನ ಕಡೆಗೆ ನೋಡುವನು, ಸ್ನೇಹಿತನೊಡನೆ ಮಾತಾಡುವಂತೆ ಮಾತಾಡುವನು. ಮುಗಿದ ಮೇಲೆ ಹೇಗೆ ಮಾಡಿದೆನೆಂದು ತನ್ನನ್ನು ಕೇಳಿಕೊಳ್ಳುವನು; ಒಳ್ಳೇದಾಗಿದ್ದರೆ ಸ್ತೋತ್ರ ಹೇಳುವನು; ಕೆಟ್ಟಿದ್ದರೆ ಕ್ಷಮೆ ಬೇಡಿ, ಅಲ್ಲಿಗೇ ಬಿಟ್ಟು, ಮುಂದಿನ ಕೆಲಸಕ್ಕೆ ಹೋಗುವನು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವದಾದರೂ ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವದಾದರೂ ದೇವರ ಪ್ರೀತಿಗಾಗಿ ಮಾಡಿದರೆ ಸಾಕೆಂಬದು ಅವನ ಎಣಿಕೆ. ಗಂಟೆ ಹೊಡೆದಾಗ ಅವನು ಉಳಿದವರಂತೆ ಪ್ರಾರ್ಥನೆಗೆ ಹೋಗುತ್ತಿದ್ದನು; ಆದರೆ ಮೊಣಕಾಲೂರಿರುವಾಗ ಇದ್ದ ಸಮಾಧಾನಕ್ಕೂ ಅಡಿಗೆಮನೆಯ ಗದ್ದಲದಲ್ಲಿ ಇದ್ದ ಸಮಾಧಾನಕ್ಕೂ ಅವನಿಗೆ ಭೇದವೇ ಇಲ್ಲದೆ ಹೋಯಿತು.

ತೊಟ್ಟಿಲಿನಲ್ಲಿ ಕೂಸನ್ನು ಮಲಗಿಸಿ ಮುದ್ದೆ ತೊಳಸುತ್ತಿರುವ ತಾಯಿಯನ್ನು ನೋಡಿರಿ. ಅವಳ ಕೈ ಕೋಲಿನ ಮೇಲೆ ಇದೆ, ಕಣ್ಣು ಮಡಕೆಯ ಮೇಲೆ ಇದೆ, ಹಿಟ್ಟು ಗಂಟಾಗುವದಿಲ್ಲ. ಆದರೆ ಕೂಸು ಸ್ವಲ್ಪ ಮಿಸುಕಿದರೂ ಅವಳಿಗೆ ತಿಳಿಯುತ್ತದೆ. ಅವಳು ಎರಡು ಕೆಲಸಗಳನ್ನು ಮಾಡುತ್ತಿದ್ದಾಳೆಂದು ಯಾರೂ ಹೇಳುವದಿಲ್ಲ. ಲಾರೆನ್ಸನ ಪ್ರಾರ್ಥನೆಯು ಸುಮಾರಾಗಿ ಈ ತರದ್ದೆಂದು ನಾನು ತಿಳಿದುಕೊಂಡಿದ್ದೇನೆ. ಅದರಿಂದ ಅವನ ಕೈಕೆಲಸವು ಕೆಡಲಿಲ್ಲ. ಮೊದಲು ಎಲ್ಲವನ್ನೂ ಒಡೆಯುತ್ತಿದ್ದವನು, ಆತುರಪಡದೆಯೂ ಕಾಲಹರಣ ಮಾಡದೆಯೂ ಒಂದೊಂದು ಕೆಲಸವನ್ನು ಅದರದರ ಹೊತ್ತಿಗೆ ಮಾಡುವವನಾದನು.

ಧ್ಯಾನಕ್ಕೆ ನಾನಾ ಕ್ರಮಗಳನ್ನೂ ಮೆಟ್ಟಲುಗಳನ್ನೂ ಹೇಳುವ ಗ್ರಂಥಗಳು ಆ ಕಾಲದಲ್ಲಿ ಬಹಳವಿದ್ದವು. ಅವನು ಅವುಗಳಲ್ಲಿ ಕೆಲವನ್ನು ನೋಡಿ, ಅವು ತನ್ನನ್ನು ಗಲಿಬಿಲಿಮಾಡುತ್ತವೆಂದು ಕಂಡು, ಬದಿಗಿಟ್ಟನು. ಮನಸ್ಸು ಅಲೆಯುವದೇ ಇಲ್ಲವೆಂದು ಅವನು ಎಂದೂ ಹೇಳಿಕೊಳ್ಳಲಿಲ್ಲ. ಮೊದಮೊದಲು ಎಷ್ಟೋ ಸಾರಿ ದೇವರನ್ನು ಮರೆತೇ ಬಿಡುತ್ತಿದ್ದನು. ಆದರೆ ಮರೆತದ್ದು ನೆನಪಿಗೆ ಬಂದಾಗ ಅವನು ತನ್ನನ್ನು ತಾನು ಹೀಯಾಳಿಸುತ್ತಾ ಕೂಡ್ರುತ್ತಿರಲಿಲ್ಲ. ತಪ್ಪನ್ನು ಒಪ್ಪಿಕೊಂಡು, ನೀನು ನನ್ನನ್ನು ನನ್ನಷ್ಟಕ್ಕೇ ಬಿಟ್ಟರೆ ನಾನು ಮಾಡುವದು ಇಷ್ಟೇ ಎಂಬಂತೆ ದೇವರಿಗೆ ಅರಿಕೆಮಾಡಿ, ಮೊದಲಿಗಿಂತಲೂ ಹೆಚ್ಚಾದ ಭರವಸದಿಂದ ಹಿಂದಿರುಗುತ್ತಿದ್ದನು. ಹಗ್ಗ ಬಿಚ್ಚಿಕೊಂಡು ಹೋದ ಕರುವನ್ನು ಹೊಡೆದು ಎಳೆದರೆ ಅದು ಮರುದಿನ ಇನ್ನೂ ದೂರ ಓಡುವದು. ಮೆಲ್ಲಗೆ ಕರೆದು ಮೈ ತಡವಿದರೆ ದಿನೇ ದಿನೇ ಹಟ್ಟಿಯ ಹತ್ತಿರವೇ ಮೇಯುವದು. ಲಾರೆನ್ಸನು ತನ್ನ ಮನಸ್ಸಿಗೆ ಮಾಡಿದ್ದು ಇಷ್ಟೇ, ಆದರೆ ಇಷ್ಟನ್ನು ವರುಷಗಟ್ಟಲೆ ಮಾಡಿದನು.

ಅವನ ಜೀವಿತದಲ್ಲಿ ನಗೆ ಬರಿಸುವ ಸಂಗತಿಯೂ ಒಂದಿದೆ. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡುಬರುವದಕ್ಕಾಗಿ ಅವನನ್ನು ಬರ್ಗಂಡಿ ಸೀಮೆಗೆ ಕಳುಹಿಸಿದರು. ಅವನಿಗೆ ವ್ಯಾಪಾರದ ಬುದ್ಧಿ ಸ್ವಲ್ಪವೂ ಇಲ್ಲ, ಕಾಲು ಕುಂಟು, ದೋಣಿಯೊಳಗೆ ಅತ್ತಿತ್ತ ಹೋಗಬೇಕಾದರೆ ಪೀಪಾಯಿಗಳ ಮೇಲೆ ಹೊರಳುತ್ತಲೇ ಹೋಗಬೇಕಾಗಿತ್ತು. ಆದಾಗ್ಯೂ ಅವನು ಇದಕ್ಕಾಗಿಯೂ ವ್ಯಾಪಾರಕ್ಕಾಗಿಯೂ ತಲೆ ಕೆಡಿಸಿಕೊಳ್ಳಲಿಲ್ಲ. ಇದು ನಿನ್ನ ಕಾರ್ಯವೆಂದು ದೇವರಿಗೆ ಒಪ್ಪಿಸಿ ಹೊರಟನು. ಕಡೆಗೆ ನೋಡುವಾಗ ಎಲ್ಲವೂ ಸರಿಯಾಗಿ ನಡೆದಿತ್ತು. ಅದಕ್ಕೆ ಮುಂಚಿನ ವರುಷ ಓವೆರ್ನ್ ಸೀಮೆಗೆ ಇದೇ ಕೆಲಸಕ್ಕೆ ಹೋದಾಗಲೂ ಹೀಗೆಯೇ ಆಗಿತ್ತು.

ಕಾಲಿನ ಬೇನೆ ಹೆಚ್ಚಾದ ಮೇಲೆ, ನಿಂತು ಮಾಡುವ ಅಡಿಗೆಯ ಕೆಲಸವನ್ನು ಬಿಡಿಸಿ, ಕುಳಿತು ಮಾಡುವ ಕೆಲಸವನ್ನು ಅವನಿಗೆ ಕೊಟ್ಟರು. ಅಂದಿನಿಂದ ಅವನು ಮಠದವರ ಕೆರಗಳನ್ನು ಹೊಲಿಯುವವನಾದನು. ಕಾಲಿನಲ್ಲಿ ಹುಣ್ಣಾಗಿ ಬಹು ವರುಷ ಮಾಯದೆ ಉಳಿಯಿತು.

1666ನೆಯ ಆಗಸ್ಟ್ 3ನೆಯ ತಾರೀಖಿನಲ್ಲಿ ಜೋಸೆಫ್ ದ ಬೋಫೋರ್ ಎಂಬ ಗುರುವು ಅವನನ್ನು ಮೊದಲನೆಯ ಸಾರಿ ಕಂಡು ಮಾತಾಡಿದನು. ಈತನು ತರುವಾಯ ದೊಡ್ಡ ಅಧಿಕಾರಕ್ಕೆ ಬಂದವನು. ಕಲಿತವನಾದ ಈ ಗುರುವು ಕೆರ ಹೊಲಿಯುವವನ ಮಾತುಗಳನ್ನು ಮನೆಗೆ ಹೋಗಿ ಬರೆದಿಟ್ಟನು. ಅಂಥ ನಾಲ್ಕು ಸಂಭಾಷಣೆಗಳು ಉಳಿದಿವೆ. ಬರಬರುತ್ತಾ ಬಡವರೂ ಪಂಡಿತರೂ ಲಾರೆನ್ಸನನ್ನು ಹುಡುಕಿಕೊಂಡು ಬರುತ್ತಿದ್ದರು. ಫ್ರಾನ್ಸ್ ದೇಶದಲ್ಲೆಲ್ಲಾ ಹೆಸರುಗೊಂಡ ಫೆನೆಲೋನನು ಸಹ ಅವನು ರೋಗದಲ್ಲಿ ಮಲಗಿದ್ದಾಗ ಬಂದು ನೋಡಿದನು. ಬಂದವರಿಗೆ ಅವನು ಹೊಸದೇನನ್ನೂ ಹೇಳುತ್ತಿರಲಿಲ್ಲ. ಮನಸ್ಸನ್ನು ಮೆಲ್ಲಗೆ ತಿರುಗಿಸು, ಮರೆತರೆ ಮತ್ತೆ ತಿರುಗಿಸು, ಅಭ್ಯಾಸವಾಗುವ ತನಕ ಬೇಸರಪಡಬೇಡ ಎಂಬ ಒಂದೇ ಪಾಠವನ್ನು ನಾನಾ ವಿಧವಾಗಿ ಹೇಳುತ್ತಿದ್ದನು. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವದಿಲ್ಲವೆಂದು ದೂರಿಟ್ಟವರಿಗೆ, ಐಶ್ವರ್ಯವಂತನ ಬಾಗಲಲ್ಲಿ ಮಾತು ಬಾರದ ಭಿಕ್ಷುಕನು ಸುಮ್ಮನೆ ಕಾದಿರುವಂತೆ ದೇವರ ಮುಂದೆ ಇರಬೇಕೆಂದು ಬರೆದನು.

ಇಲ್ಲಿ ನಮ್ಮ ಹಳ್ಳಿಯ ತಾಯಂದಿರು ಒಂದು ಆಕ್ಷೇಪಣೆ ಮಾಡುವರೆಂದು ಬಲ್ಲೆನು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಶಾಲೆಯ ಫೀಸು, ಸಂಘದ ಸಾಲ, ಕುಡಿದು ಬರುವ ಗಂಡ, ಮಳೆಯಿಲ್ಲದ ಹೊಲ, ಇವೊಂದೂ ಇಲ್ಲ. ಅವನು ಬೇಯಿಸುವದಕ್ಕೆ ಬೇಕಾದದ್ದು ಉಗ್ರಾಣದಲ್ಲಿ ಇರುತ್ತಿತ್ತು. ನಮಗಾದರೋ ಬೇಯಿಸುವ ಕಷ್ಟಕ್ಕಿಂತ ಬೇಯಿಸುವದಕ್ಕೆ ಇಲ್ಲದ ಕಷ್ಟವೇ ದೊಡ್ಡದು. ಈ ಮಾತು ಸತ್ಯವೇ. ಅದನ್ನು ತಳ್ಳಿಹಾಕುವದಕ್ಕೆ ನನ್ನಿಂದಾಗದು. ಕೆಲವು ಕಳವಳಗಳಿಗೆ ಧ್ಯಾನವಲ್ಲ, ನೆರೆಯವರ ಸಹಾಯವೂ ನ್ಯಾಯವಾದ ಕೂಲಿಯೂ ಬೇಕು. ಗಣಿಯ ಬಾಗಿಲು ಮುಚ್ಚಿದಾಗ ಕೆಲಸ ಕಳೆದುಕೊಂಡವನಿಗೆ ಉಸಿರನ್ನು ಗಮನಿಸೆಂದು ಮಾತ್ರ ಹೇಳಿ ಹೋಗುವದು ಕ್ರೂರತನವಾದೀತು. ಲಾರೆನ್ಸನ ದೊಡ್ಡ ಕಳವಳವು ರೊಟ್ಟಿಯದಾಗಿರಲಿಲ್ಲ, ನಾಶವಾಗುವೆನೆಂಬ ಭಯದ್ದಾಗಿತ್ತು. ರಾತ್ರಿಯಲ್ಲಿ ಎಚ್ಚತ್ತು ಮುಂದೇನು ಮುಂದೇನೆಂದು ಅದೇ ಯೋಚನೆಯನ್ನು ತಿರುವಿಹಾಕುವ ಮನಸ್ಸು ಅವನಿಗೂ ಇತ್ತು, ನಮಗೂ ಇದೆ. ಆ ಒಂದು ವಿಷಯದಲ್ಲಿ ಅವನು ನಮ್ಮ ನೆರೆಯವನು.

ಕಡೆಯ ವರುಷಗಳಲ್ಲಿ ಅವನು ರೋಗದಿಂದ ನರಳುತ್ತಿದ್ದ ಒಬ್ಬ ಸಹೋದರಿಗೆ ಕೆಲವು ಪತ್ರಗಳನ್ನು ಬರೆದನು. ನೋವಿನಿಂದ ಬಿಡಿಸೆಂದು ಬೇಡುವದಕ್ಕಿಂತ, ನೋವಿನಲ್ಲಿ ಜೊತೆಯಾಗಿರೆಂದು ದೇವರನ್ನು ಬೇಡಿಕೊಳ್ಳುವದು ಲೇಸೆಂಬದು ಆ ಪತ್ರಗಳ ಭಾವ. ತಾನೇ ಹುಣ್ಣುಗಾಲಿನಲ್ಲಿ ಕುಳಿತು ಬರೆದದ್ದರಿಂದ ಆ ಬುದ್ಧಿಮಾತಿಗೆ ತೂಕವುಂಟು. 1691ನೆಯ ಜನವರಿಯ ಹೊತ್ತಿಗೆ ಅವನ ದೇಹಸ್ಥಿತಿಯು ತೀರ ಕೆಟ್ಟಿತು. ಎದೆಯ ಪಕ್ಕದಲ್ಲಿ ಕಠಿನವಾದ ನೋವಿದ್ದರೂ ನೋಡಬಂದವರ ಮುಂದೆ ಮುಖವನ್ನು ಸಿಂಡರಿಸಲಿಲ್ಲ. ಫೆಬ್ರವರಿ 6ನೆಯ ತಾರೀಖಿನಲ್ಲಿ ಆ ಸಹೋದರಿಗೆ ಇನ್ನೊಂದು ಪತ್ರವನ್ನು ಬರೆದು, ಇನ್ನು ಕೆಲವು ದಿವಸಗಳಲ್ಲಿ ದೇವರನ್ನು ಕಾಣುವ ನಿರೀಕ್ಷೆಯುಂಟೆಂದು ತಿಳಿಸಿದನು. ಅದೇ ತಿಂಗಳ 12ನೆಯ ತಾರೀಖಿನಲ್ಲಿ ಯಾವ ಗಲಿಬಿಲಿಯೂ ಇಲ್ಲದೆ, ನಿದ್ದೆಹೋಗುವವನಂತೆ, ಪ್ರಾಣ ಬಿಟ್ಟನು.

ಅವನು ತಾನು ಬರೆದದ್ದರಲ್ಲಿ ಬಹಳವನ್ನು, ಅದು ಸರಿಯಾಗಿಲ್ಲವೆಂದು, ತಾನೇ ಹರಿದುಹಾಕುತ್ತಿದ್ದನು. ಅವನು ಸತ್ತ ಮೇಲೆ ಬೋಫೋರನು ಉಳಿದ ಕಾಗದಗಳನ್ನೂ, ಹದಿನಾರು ಪತ್ರಗಳನ್ನೂ, ತಾನು ಬರೆದಿಟ್ಟಿದ್ದ ಸಂಭಾಷಣೆಗಳನ್ನೂ ಒಟ್ಟುಗೂಡಿಸಿ 1692ರಲ್ಲಿ ಒಂದು, 1694ರಲ್ಲಿ ಒಂದು, ಹೀಗೆ ಎರಡು ಚಿಕ್ಕ ಪುಸ್ತಕಗಳನ್ನು ಅಚ್ಚುಹಾಕಿಸಿದನು. ಆ ಮಠದ ದೇವಾಲಯವು ಪಾರಿಸಿನ ವೊಝಿರಾರ್ ಬೀದಿಯಲ್ಲಿ ಈಗಲೂ ನಿಂತಿದೆ.